ಪುಟ್ಟ ಪೈಗೆ ಯಾವ ಇಮೇಜ್? ಆಲ್ಪೈನ್, ಸ್ಲಿಮ್, ಡಿಸ್ಟ್ರೋಲೆಸ್

ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಇರುವುದೇ 512 ಎಂಬಿ ರ‍್ಯಾಮ್. ಅದರಲ್ಲಿ ಡಾಕರ್‌ನ ಪೈಥಾನ್ ಕಂಟೇನರ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಸಾಮಾನೆಲ್ಲ ಇರುವ ಡಬ್ಬ; ಅದರ ಅಚ್ಚೇ ಇಮೇಜ್) ಓಡಿಸಬೇಕಾದರೆ ನನ್ನ ಓಟು ಡೆಬಿಯನ್ ಲಿನಕ್ಸ್‌ನ ತೆಳು ಇಮೇಜ್ ಸ್ಲಿಮ್‌ಗೆ. ಯಾರನ್ನು ಕೇಳಿದರೂ ಇನ್ನೂ ಪುಟ್ಟ ಲಿನಕ್ಸ್ ಆದ ಆಲ್ಪೈನ್ ಹಾಕು ಅನ್ನುತ್ತಾರೆ, ಅಲ್ವಾ? ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ನನ್ನದು ಟ್ಯಾಂಕಿನ ನೀರಿನ ಮಟ್ಟ ಓದಿ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ. ಅದಕ್ಕೆ ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈ ಬೇಕು. ರ‍್ಯಾಮ್ ಉಳಿಯಲಿ ಅಂತ ಓಎಸ್ 32 ಬಿಟ್ಟಿನದು. ಆಲ್ಪೈನ್‌ನಲ್ಲಿ ಡೆಬಿಯನ್ ಬಳಸುವ ಸಿ ಲೈಬ್ರರಿ ಜಿಲಿಬ್‌ಸಿ ಇಲ್ಲ, ಅದರ ಬದಲು ಮಸ್ಲ್ ಇದೆ. ಮಸ್ಲ್ ಜೊತೆ 32 ಬಿಟ್ ಆರ್ಮ್ ಪ್ರೊಸೆಸರ್ ಸೇರಿದರೆ ನಂಪೈಗೆ ರೆಡಿ ವೀಲ್ (ಮೊದಲೇ ಕಂಪೈಲ್ ಆದ ಪ್ಯಾಕೇಜ್) ಸಿಗಲಿಲ್ಲ. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಸೋರ್ಸ್ ಇಳಿಸಿಕೊಂಡು ಕಂಪೈಲ್ ಶುರು ಮಾಡಿತು. ನಾಲ್ಕು ಕೋರ್ ಕಂಡ ಬಿಲ್ಡ್ ಟೂಲ್ ನಿಂಜಾ ಹಲವು ಫೈಲುಗಳನ್ನು ಒಟ್ಟಿಗೇ ಎತ್ತಿಕೊಂಡಿತು. ಮೆಮೊರಿ ತುಂಬಿತು, ಸ್ವಾಪ್ ಎಸ್‌ಡಿ ಕಾರ್ಡನ್ನು ಉಜ್ಜತೊಡಗಿತು, ಎಸ್‌ಎಸ್‌ಎಚ್‌ನಲ್ಲಿ ಒತ್ತಿದ ಅಕ್ಷರ ಮೂಡುವುದಕ್ಕೇ ಕಾಯಬೇಕಾಯಿತು. ಕೊನೆಗೆ ಕರ್ನಲ್ ಕಂಪೈಲರನ್ನೇ ಕೊಂದಿತು. ಪರದೆ ಮೇಲೆ ‘ಕಿಲ್ಡ್’ ಅಂತ ಒಂದೇ ಪದ.

ಲ್ಯಾಪ್‌ಟಾಪ್‌ನಲ್ಲಿ ಡಾಕರ್‌ನ ಬಿಲ್ಡ್‌ಎಕ್ಸ್ ಬಳಸಿ ಪೈನ ಇಮೇಜ್ ಕಟ್ಟಿದರೆ ಕೆಲಸ ಆಗುತ್ತದೆ. ಆದರೆ ಕ್ಯೂಎಂಯು ಎಂಬ ಎಮ್ಯುಲೇಟರ್ ಆರ್ಮ್‌ನ ವೇಷ ಹಾಕಿಕೊಂಡು ಓಡಬೇಕು, ಆಮೆ ವೇಗ. ಪ್ಯಾಕೇಜ್ ವರ್ಷನ್ ಬದಲಾದಾಗಲೆಲ್ಲ ಮತ್ತೆ ಅದೇ ಗೋಳು. ಆಲ್ಪೈನ್‌ನದು ತಪ್ಪಲ್ಲ, ನನ್ನ ಕೆಲಸಕ್ಕೆ ಅದು ಹೊಂದಲಿಲ್ಲ ಅಷ್ಟೆ.

ಸ್ಲಿಮ್‌ನಲ್ಲಿ ಪೈವೀಲ್ಸ್ ತಾಣ ಬಳಸಬಹುದು. ಪೈಗೆಂದೇ ಕಂಪೈಲ್ ಮಾಡಿಟ್ಟ ವೀಲ್‌ಗಳು, ಪುಕ್ಕಟೆ. ಡೆಬಿಯನ್ 12, ಅಂದರೆ ಬುಕ್‌ವರ್ಮ್ ಆದರೆ ಪೈಥಾನ್ 3.11 ಇರಲಿ. ನಂಪೈ ಇಂಪೋರ್ಟ್ ಮಾಡುವಾಗ ಓಪನ್‌ಬ್ಲಾಸ್ ಲೈಬ್ರರಿ ಇಲ್ಲ ಅಂತ ಬೈಯುತ್ತದೆ, ಡೆಬಿಯನ್‌ನ ಪ್ಯಾಕೇಜ್ ಟೂಲ್ ಆಪ್ಟ್‌ನಿಂದ ಅದೊಂದನ್ನು ಹಾಕಿದರೆ ಸಾಕು. ಡಾಕರ್‌ಫೈಲ್‌ನಲ್ಲಿ ಅದನ್ನು ಹಾಕಿದ ರನ್ ಸಾಲಿನಲ್ಲೇ ಆಪ್ಟ್ ಲಿಸ್ಟ್‌ಗಳನ್ನೂ ಅಳಿಸಿ. ಮುಂದಿನ ರನ್‌ನಲ್ಲಿ ಅಳಿಸಿದರೆ ಫೈಲು ಕಾಣುವುದಿಲ್ಲ, ಆದರೆ ಹಿಂದಿನ ರನ್ ಕಟ್ಟಿದ ಕೆಳಗಿನ ಲೇಯರ್‌ನಲ್ಲಿ ಹಾಯಾಗಿ ಕೂತಿರುತ್ತದೆ, ಇಮೇಜ್ ಒಂಚೂರೂ ಇಳಿಯುವುದಿಲ್ಲ. ಬಿಲ್ಡನ್ನು ಎರಡು ಸ್ಟೇಜ್ ಮಾಡಿ: ಬಿಲ್ಡ್ ಸಾಮಾನೆಲ್ಲ ಮೊದಲ ಸ್ಟೇಜ್‌ನಲ್ಲೇ ಬಿಟ್ಟು, ಪೈಥಾನ್ ಪ್ಯಾಕೇಜ್‌ಗಳಿರುವ ವರ್ಚುವಲ್ ಎನ್ವಿರಾನ್‌ಮೆಂಟ್ ಫೋಲ್ಡರ್ ಮಾತ್ರ ಎರಡನೆಯದಕ್ಕೆ ಕಾಪಿ ಮಾಡಿ.

ಸೈಜಿನಲ್ಲಿ ಆಲ್ಪೈನೇ ಚಿಕ್ಕದು, ನಿಜ. ಆದರೆ ನನ್ನ ಕಂಟೇನರ್‌ಗಳೆಲ್ಲ ಒಂದೇ ಸ್ಲಿಮ್ ಬೇಸ್ ಮೇಲೆ ನಿಂತಿವೆ. ಬೇಸ್ ಕಾರ್ಡಿನಲ್ಲಿ ಕೂರುವುದು ಒಂದೇ ಸಲ. ಮೇಲಾಗಿ ಇಮೇಜ್ ಚಿಕ್ಕದಾದರೆ ಉಳಿಯುವುದು ಇಂಟರ್ನೆಟ್ ಡೇಟಾ ಮತ್ತು ಕಾರ್ಡಿನ ಜಾಗ. ರ‍್ಯಾಮ್ ತಿನ್ನುವುದು ಓಡುತ್ತಿರುವ ಪ್ರೋಗ್ರಾಂ. ಬೈನರಿಯನ್ನು ಯುಪಿಎಕ್ಸ್ ಎಂಬ ಕುಗ್ಗಿಸುವ ಟೂಲಿನಲ್ಲಿ ಹಿಂಡಿದರೆ ಉಲ್ಟಾ, ಶುರುವಿನಲ್ಲೇ ಪೂರ್ತಿ ಬಿಚ್ಚಿಕೊಂಡು ರ‍್ಯಾಮ್ ಜಾಸ್ತಿ ತಿನ್ನುತ್ತದೆ.

ಪ್ರೋಗ್ರಾಂ ಓಡಲು ಬೇಕಾದಷ್ಟೇ ಇರುವ ಡಿಸ್ಟ್ರೋಲೆಸ್ ಇಮೇಜ್ ಚೊಕ್ಕಟವಾಗಿದೆ, ಆದರೆ ಕಮಾಂಡ್ ಟೈಪ್ ಮಾಡಲು ಶೆಲ್ ಇಲ್ಲ. ಏನಾದರೂ ಕೆಟ್ಟರೆ ಒಳಗೆ ಹೋಗಿ ಇಣುಕುವ ಚಾಳಿ ನನಗಿದೆ. ಡೀಬಗ್ ಟ್ಯಾಗ್‌ನಲ್ಲಿ ಬ್ಯುಸಿಬಾಕ್ಸ್ ಎಂಬ ಸಣ್ಣ ಶೆಲ್ ಬರುತ್ತದೆ, ಆದರೂ ಒಗ್ಗಲಿಲ್ಲ. ಗೋ ಭಾಷೆಯಲ್ಲಿ ಬರೆಯುವವರಾದರೆ ಈ ಚರ್ಚೆಯೇ ಬೇಡ: ಸಿ ಕೋಡ್ ಬೆಸೆಯುವ ಸಿಗೋ ಆಫ್ ಮಾಡಿ, ಸ್ಕ್ರ್ಯಾಚ್ ಎಂಬ ಖಾಲಿ ಇಮೇಜ್ ಮೇಲೆ ಒಂದೇ ಬೈನರಿ ಇಡಿ. ಎಚ್‌ಟಿಟಿಪಿಎಸ್ ಬಳಸುವುದಾದರೆ ಸರ್ಟಿಫಿಕೇಟ್ ಫೈಲು ಮರೆಯಬೇಡಿ.

ಹೊಸ ಬೋರ್ಡು, ದೊಡ್ಡ ಕಾರ್ಡು ಕೊಳ್ಳುವ ಬಜೆಟ್ ನನಗಿಲ್ಲ, ಹಾಗಾಗಿ ಸ್ಲಿಮ್. ನಿಮ್ಮದು 64 ಬಿಟ್ ಓಎಸ್ ಆದರೆ ನಂಪೈಗೆ ಮಸ್ಲ್ ವೀಲ್ ರೆಡಿ ಇದೆ, ಆಲ್ಪೈನನ್ನು ಧೈರ್ಯವಾಗಿ ಹಾಕಿ ನೋಡಬಹುದು.