ಚೆನ್ನಾಗಿರುವ ಬೆಳ್ಳಿ ಫಿಲ್ಲಿಂಗ್ ತೆಗೆದು ಬಿಳಿಯದು ಹಾಕ್ತೀವಿ ಅಂದರೆ ಎದ್ದು ಬನ್ನಿ

ನೋವಿಲ್ಲದ, ಅಲ್ಲಾಡದ ಹಳೆಯ ಬೆಳ್ಳಿ ಫಿಲ್ಲಿಂಗ್, ಅಂದರೆ ಹುಳುಕು ಹಲ್ಲಿಗೆ ತುಂಬುವ ಪಾದರಸ, ಬೆಳ್ಳಿಯ ಮಿಶ್ರಣ, ಬಾಯಲ್ಲಿದೆಯಾ? ಸರಿಯಾದ ಕಾರಣ ತೋರಿಸದೆ ಅದನ್ನು ಮುಟ್ಟೋಕೆ ಯಾರನ್ನೂ ಬಿಡಬೇಡಿ. ಬೆಂಗಳೂರಿನ ಥಳಥಳ ಹೊಳೆಯುವ ಒಂದು ಕ್ಲಿನಿಕ್‌ನಲ್ಲಿ ನನ್ನದನ್ನು ಕಿತ್ತು ಕಾಂಪೋಸಿಟ್ ಅನ್ನೋ ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್ ತುಂಬಿದರು. ಈಗ ಆ ಹಲ್ಲಿಗೆ ರೂಟ್ ಕೆನಾಲ್ ಆಗಿ ಕ್ಯಾಪ್ ಕೂತಿದೆ.

ಹೋಗಿದ್ದು ಬರೀ ಕ್ಲೀನಿಂಗ್‌ಗೆ. ಬಾಯೊಳಗೆ ಪುಟ್ಟ ಕ್ಯಾಮೆರಾ ಇಟ್ಟು ದವಡೆ ಹಲ್ಲನ್ನು ಟಿವಿ ತುಂಬ ತೋರಿಸಿದರು. "ನೋಡಿ ಮೇಡಂ, ಎಷ್ಟು ಕಪ್ಪಗಿದೆ. ಇದರಲ್ಲಿ ಅರ್ಧ ಪಾದರಸ. ಯುರೋಪಲ್ಲಿ ಬ್ಯಾನ್ ಆಗಿದೆ. ನಗುವಾಗ ಕಾಣುತ್ತೆ ಬೇರೆ." ಕೊನೆಯ ದವಡೆ ಹಲ್ಲು ಕಾಣಬೇಕಾದರೆ ನಾನು ನಕ್ಕರೆ ಸಾಲದು, ಆಕಳಿಸಬೇಕು! ಆದರೆ ಪಾದರಸ ಅಂದಮೇಲೆ ಯಾರಿಗೆ ಭಯ ಆಗಲ್ಲ ಹೇಳಿ.

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಹೊಟ್ಟೆ ಉರಿಯೋದೇ ಅದಕ್ಕೆ. ಅರ್ಧ ಪಾದರಸ ಹೌದು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿಯಿಂದ ನಿಷೇಧವೂ ಹೌದು. ಆದರೆ ಅದು ಹೊಸದಾಗಿ ಹಾಕುವುದಕ್ಕೆ, ಅದೂ ಮುಖ್ಯವಾಗಿ ಪಾದರಸ ನೀರು, ಮಣ್ಣು ಸೇರಬಾರದು ಅಂತ. ಬಾಯಲ್ಲಿರುವುದನ್ನು ಕಿತ್ತು ಬಿಸಾಕಿ ಅಂತ ಆ ನಿಯಮ ಹೇಳಲ್ಲ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂತೂ 2020ರಲ್ಲಿ, ಚೆನ್ನಾಗಿರುವುದನ್ನು ವೈದ್ಯಕೀಯ ಕಾರಣ ಇಲ್ಲದೆ ತೆಗೆಸಬೇಡಿ ಅಂತಲೇ ಹೇಳಿದೆ. ಕೊರೆದು ತೆಗೆಯುವಾಗ ಪಾದರಸದ ಆವಿ ಜಾಸ್ತಿ ಏಳುತ್ತೆ. ಇದನ್ನು ಯಾಕೆ ಹೇಳಲಿಲ್ಲ?

ಕಾಂಪೋಸಿಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮಮ್ಮನ ಮುಂದಿನ ಹಲ್ಲಿಗೆ ಹಾಕಿದ್ದು ಹುಡುಕಿದರೂ ಗೊತ್ತಾಗಲ್ಲ. ಹಲ್ಲಿಗೇ ಅಂಟಿಕೊಳ್ಳುವುದರಿಂದ ಒಳ್ಳೆಯ ಹಲ್ಲನ್ನು ಜಾಸ್ತಿ ಕೊರೆಯಬೇಕಿಲ್ಲ. ಆದರೆ ಅಂಟಬೇಕಾದರೆ ಜಾಗ ಒಣಗಿರಬೇಕು, ಎಂಜಲು ತಾಗಿದರೆ ಕೆಲಸ ಕೆಟ್ಟಿತು. ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತೆ. ಅದಕ್ಕೇ ಮಾಮೂಲಿ ಕಾಂಪೋಸಿಟ್ ಆದರೆ ಸುಮಾರು 2 ಮಿಲಿಮೀಟರ್ ಪದರ ಹಾಕಿ, ಬೆಳಕು ಹಿಡಿದು, ಮತ್ತೆ ಇನ್ನೊಂದು ಪದರ ಹಾಕಬೇಕು. ಜಗಿಯುವ ಹಲ್ಲಿನ ದೊಡ್ಡ ಗುಂಡಿಗೆ ಬೆಳ್ಳಿಯಷ್ಟು ಬಾಳಿಕೆ ಬರೋದೂ ಕಮ್ಮಿ. ಇದೆಲ್ಲ ನನಗೆ ಗೊತ್ತಾಗಿದ್ದು ಹಲ್ಲು ಹಾಳಾದ ಮೇಲೆ.

ನನಗೆ ಮಾಡಿದ್ದು ಕೇಳಿ. ಎಂಜಲು ತಾಗದ ಹಾಗೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ ಇಲ್ಲ. ಕೆನ್ನೆ ಸಂದಿಗೆ ಹತ್ತಿ ತುರುಕಿದರು, ಅಷ್ಟೇ. ಎಂಜಲು ಎಳೆಯುವ ಪೈಪ್ ಹಿಡಿದಿದ್ದ ಹುಡುಗಿ ಆ ಕಡೆ ತಿರುಗಿ ಯಾರ ಜೊತೆಗೋ ಊಟದ ಆರ್ಡರ್ ಮಾತಾಡುತ್ತಿದ್ದಳು. ಹತ್ತಿ ನೆನೆದು ತೊಪ್ಪೆಯಾಗಿ ನಾಲಿಗೆಗೆ ತಾಗುತ್ತಿತ್ತು. ಕೈ ಎತ್ತಿದೆ. "ಆಯ್ತು ಆಯ್ತು ಮೇಡಂ, ಮುಗೀತು." ಒಂದೇ ಸಲ ತುಂಬಿ, ಒಂದೇ ಸಲ ಬೆಳಕು ಹಿಡಿದರು. ಒಂದೇ ಸಲ! 1,200 ಅಂದಿದ್ದು ಬಿಲ್‌ನಲ್ಲಿ 3,500 ಆಗಿತ್ತು. ಕೇಳಿದರೆ "ಇದು ನ್ಯಾನೋ ಮೇಡಂ". ಅಷ್ಟು ಜನರ ಎದುರು ಚೌಕಾಸಿ ಮಾಡೋಕೆ ನಾಚಿಕೆಯಾಗಿ ಕಾರ್ಡ್ ಕೊಟ್ಟೆ. ಥ್ಯಾಂಕ್ಸ್ ಬೇರೆ ಹೇಳಿದೆ.

ತಣ್ಣೀರು ಕುಡಿದರೆ ಜುಮ್. ಕಡಿದರೆ ನೋವು. ಪಕ್ಕದ ಹಲ್ಲಿನ ಜೊತೆ ಸಂದಿ ಬಿಟ್ಟು, ಅನ್ನದ ಅಗುಳೂ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮೊದಲು ಹೋದಾಗ "ಹೊಸದಲ್ವಾ, ಅಡ್ಜಸ್ಟ್ ಆಗುತ್ತೆ". ಆಮೇಲೆ "ಚಕ್ಕುಲಿ, ನಿಪ್ಪಟ್ಟು ಜಾಸ್ತಿ ತಿಂತೀರಾ?" ಆಮೇಲೆ "ನಿಮಗೆ ಜೊಲ್ಲು ಜಾಸ್ತಿ ಮೇಡಂ". ನನ್ನ ಜೊಲ್ಲಿನದೇ ತಪ್ಪು! ಕೊನೆಗೆ ಎಕ್ಸ್-ರೇ ತೆಗೆದು, ಫಿಲ್ಲಿಂಗ್ ಕೆಳಗೆ ಹುಳುಕಾಗಿದೆ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು ಅಂದರು. "ನೀವು ನಮ್ಮ ಹಳೇ ಪೇಶೆಂಟ್ ಅಲ್ವಾ, 20 ಪರ್ಸೆಂಟ್ ಡಿಸ್ಕೌಂಟ್."

ಆ ಡಿಸ್ಕೌಂಟ್ ಅಂದಾಗ ನನಗೆ ಎಲ್ಲ ಅರ್ಥ ಆಯಿತು. ಹಾಳು ಮಾಡಿದ್ದೂ ಅವರೇ, ರಿಪೇರಿಗೆ ರೇಟು ಹೇಳುವುದೂ ಅವರೇ. ಹಲ್ಲು ಕಚ್ಚಿ ಸುಮ್ನಿರೋಣ ಅಂದರೆ ಕಚ್ಚೋಕೆ ಆ ಹಲ್ಲೇ ಇಲ್ಲ. ರೂಟ್ ಕೆನಾಲ್ ಬೇರೆ ಕಡೆ ಮಾಡಿಸಿದೆ.

ಯಾರಾದರೂ ಹಳೇ ಫಿಲ್ಲಿಂಗ್ ತೆಗೆಯೋಣ ಅಂದರೆ ಒಡೆದಿದೆಯಾ, ಕೆಳಗೆ ಹುಳುಕಿದೆಯಾ, ಎಕ್ಸ್-ರೇಯಲ್ಲಿ ತೋರಿಸಿ ಅನ್ನಿ. ಇನ್ನೊಬ್ಬ ಡಾಕ್ಟರನ್ನು ಕೇಳಿ, ಸರ್ಕಾರಿ ದಂತ ಕಾಲೇಜಾದರೂ ಸರಿ. ರೇಟು ಬರೆಸಿಕೊಳ್ಳಿ. ಹಾಕುವಾಗ ಹತ್ತಿ ನೆನೆದರೆ ನಿಲ್ಲಿಸಿ ಅನ್ನಿ, ನಾಚಿಕೆ ಬೇಡ. ಬಿಲ್ ಇಟ್ಟುಕೊಳ್ಳಿ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಾನೂ ದೂರು ಬರೆಯುತ್ತಿದ್ದೇನೆ.

ರಿವ್ಯೂ ಹಾಕಿದ ಮೇಲೆ ಅವರೇ ಫೋನ್ ಮಾಡಿದರು. ಅದನ್ನು ತೆಗೆದರೆ ಹಲ್ಲು ಬೆಳ್ಳಗೆ ಮಾಡಿಕೊಡ್ತಾರಂತೆ, ಫ್ರೀಯಾಗಿ. ಬ್ಲೀಚ್ ಮಾಡಿದರೆ ಹಲ್ಲು ಬೆಳ್ಳಗಾಗುತ್ತೆ, ಕಾಂಪೋಸಿಟ್ ಬಣ್ಣ ಬದಲಾಗಲ್ಲ ಅನ್ನೋದು ಈಗ ನನಗೂ ಗೊತ್ತು. ರಿವ್ಯೂ ತೆಗೆಯಲ್ಲ ಅಂದೆ. "ಕೋಪ ಮಾಡ್ಕೋಬೇಡಿ ಮೇಡಂ" ಅಂದು ಫೋನ್ ಇಟ್ಟರು.