ಹೆರಿಗೆ ಪ್ಯಾಕೇಜ್: ವಿಜಯಪುರದ ಒಂದು ಖಾಸಗಿ ದವಾಖಾನೆ, ಐದಕ್ಕೆ ಮೂರು ಅಂಕ

ಸ್ವಚ್ಛತೆ, ಸಿಸ್ಟರುಗಳ ಮಾತುಕತೆ, ಬಾಣಂತಿಗೆ ಬಿಸಿನೀರು, ಇವು ಯಾವುದಕ್ಕೂ ಹೆಸರಿಡುವಂತಿಲ್ಲ. ಸಿಜರಿನ್ ಆದವರಿಗೂ ಮೊದಲ ತಾಸಿನಲ್ಲೇ ಮಗುವಿಗೆ ಎದೆಹಾಲು ಕುಡಿಸಲು ನೆರವಾಗುತ್ತಾರೆ. ಅಂಕ ಕಳೆದದ್ದು ಒಬ್ಬ ಬಾಣಂತಿಯ ಕೇಸ್ ಶೀಟು (ಚಿಕಿತ್ಸೆಯ ದಾಖಲೆ) ನೋಡಿ.

ಚೊಚ್ಚಲ ಹೆರಿಗೆ. ಸಿಜರಿನ್ನಿಗೆ ಬರೆದ ಕಾರಣ 'ನಾನ್ ಪ್ರೋಗ್ರೆಸ್'. ಆಗ ಗರ್ಭಕೋಶದ ಬಾಯಿ ತೆರೆದಿದ್ದು 3 ಸೆಂ.ಮೀ. ಅಷ್ಟಕ್ಕೇ ಹೆರಿಗೆ ಮುಂದುವರಿಯಲಿಲ್ಲ ಎನ್ನುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯಂತೆ ಜೋರು ಬ್ಯಾನಿಯ (ಹೆರಿಗೆ ನೋವಿನ) ಹಂತ ಶುರುವಾಗುವುದೇ 5 ಸೆಂ.ಮೀ.ಗೆ, ಚೊಚ್ಚಲಕ್ಕೆ ಅಲ್ಲಿಂದ ಮುಂದೆ 12 ತಾಸಿನವರೆಗೂ ಹಿಡಿಯಬಹುದು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ಕಾಯಬೇಕು. ಮಗುವಿನ ಎದೆಬಡಿತ ಬಿದ್ದು ಮೇಲೇಳದಿದ್ದರೆ ಅಥವಾ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ, ಕೊಯ್ಯಲೇಬೇಕು. ಆದರೆ ಸ್ಕ್ಯಾನಿನಲ್ಲಿ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದ್ದು ಕಂಡಿತು ಎಂಬುದೊಂದೇ ಕಾರಣ ಸಾಲದು.

ದವಾಖಾನೆಯಲ್ಲಿ ಅವಸರ ಹುಟ್ಟುವುದು ಎರಡು ಕಡೆಯಿಂದ. ಬಾಯಿ ಇನ್ನೂ ಗಟ್ಟಿಯಿರುವಾಗಲೇ ಬ್ಯಾನಿ ಬರಿಸುವ ಔಷಧ ಬೆರೆಸಿದ ಸಲಾಯಿನ್ ಹಚ್ಚಿದರೆ ಅದು ಸೋಲುವುದೇ ಹೆಚ್ಚು. ಮೊದಲು ಔಷಧದ ಜೆಲ್ ಅಥವಾ ಫೋಲಿ ಬಲೂನಿನಿಂದ (ಒಳಗಿಟ್ಟು ಉಬ್ಬಿಸುವ ಬಲೂನಿನ ನಳಿಕೆ) ಬಾಯಿ ಮೆತ್ತಗಾಗಿಸಬೇಕು. ಇನ್ನೊಂದು, ಅರವಳಿಕೆ ಡಾಕ್ಟರು ಹೊರಗಿನಿಂದ ಬರುವವರು. ರಾತ್ರಿ ಸಿಗುತ್ತಾರೋ ಇಲ್ಲವೋ ಎಂಬ ಅಂಜಿಕೆಗೆ ಸಂಜೆಯೊಳಗೇ ಕೇಸು ಮುಗಿಸುತ್ತಾರೆ. ಮುಹೂರ್ತ ಕೇಳಿಕೊಂಡು ಬರುವ ಮನೆಯವರ ಪಾಲೂ ಇದರಲ್ಲಿದೆ, ಅದನ್ನು ಡಾಕ್ಟರ ತಲೆಗೆ ಕಟ್ಟಬಾರದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಜರಿನ್, ಸರಕಾರಿಯಲ್ಲಿ ನಾಲ್ಕರಲ್ಲಿ ಒಂದಕ್ಕೂ ಕಡಿಮೆ. ತೊಡಕಿನ ಕೇಸುಗಳನ್ನು ಜಿಲ್ಲಾಸ್ಪತ್ರೆಗೇ ಕಳಿಸುವ ವಾಡಿಕೆಯಿರುವಾಗಲೂ ಈ ಅಂತರ! ಬರೀ ಶೇಕಡಾ ಕೇಳಿ ದವಾಖಾನೆ ಆರಿಸಬೇಡಿ. ಚೊಚ್ಚಲದವರು, ತಾನಾಗಿ ಬ್ಯಾನಿ ಬಂದವರು, ಮಗುವಿನ ತಲೆ ಕೆಳಗಿದ್ದವರು, ಇವರಲ್ಲಿ ಎಷ್ಟು ಮಂದಿಗೆ ಸಿಜರಿನ್ ಆಯಿತು ಎಂದು ಕೇಳಿ. ಇಲ್ಲಿ ಆ ಲೆಕ್ಕವನ್ನೇ ಇಟ್ಟಿಲ್ಲ.

ಮೊದಲ ಕೊಯ್ತವೇ ಮುಂದಿನದಕ್ಕೆ ದಾರಿ. ಗಾಯದ ಮೇಲೆ ಮಾಸು ಅಂಟಿ ಬೆಳೆದರೆ ವಿಪರೀತ ರಕ್ತ ಹೋಗುತ್ತದೆ, ಗರ್ಭಕೋಶವನ್ನೇ ತೆಗೆಯಬೇಕಾಗಿ ಬರಬಹುದು. ಹಿಂದಿನ ಸಿಜರಿನ್ ಇದ್ದವರಿಗೆ ಈ ದವಾಖಾನೆ ನಾರ್ಮಲ್ ಪ್ರಯತ್ನಿಸುವುದಿಲ್ಲ. ತುರ್ತು ಬಿದ್ದರೆ ರಾತ್ರಿ ಆಪರೇಶನ್ ಥೇಟರ್ ನಡೆಸಲಾಗದ ಜಾಗದಲ್ಲಿ ಅದು ಸರಿಯಾದ ನಿರ್ಧಾರವೇ.

ದುಡ್ಡಿನ ಅಡಚಣೆಯಿದ್ದರೆ, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಸಿಜರಿನ್, ಔಷಧ, ರಕ್ತ, ಊಟ ಎಲ್ಲವೂ ಉಚಿತ. ತಾಯಿ ಕಾರ್ಡ್ ಒಯ್ಯಿರಿ. ಎಲ್ಲೇ ಆಗಲಿ, ಡಿಸ್ಚಾರ್ಜ್ ಕಾರ್ಡಿನಲ್ಲಿ ಸಿಜರಿನ್ನಿನ ಕಾರಣ, ಆಗ ಎಷ್ಟು ಸೆಂ.ಮೀ. ತೆರೆದಿತ್ತು, ಗರ್ಭಕೋಶದ ಕೊಯ್ತ ಅಡ್ಡವೋ ಉದ್ದವೋ, ಈ ಮೂರನ್ನೂ ಬರೆಸಿಕೊಳ್ಳದೆ ಮನೆಗೆ ಹೊರಡಬೇಡಿ.