ಅರಿಶಿನದ ಕ್ರೀಮಿಗೆ ಪ್ಯಾಚ್ ಟೆಸ್ಟ್: ಬೆಂಗಳೂರಿನ ಲ್ಯಾಬ್ ಹೇಗಿತ್ತು?

ಶಿರಸಿ ಹತ್ತಿರ ಮನೆಯಲ್ಲೇ ಮುರುಗಲು ತುಪ್ಪ, ಕಸ್ತೂರಿ ಅರಿಶಿನ, ನಿಂಬೆ ಎಣ್ಣೆ ಹಾಕಿ ಮುಖದ ಕ್ರೀಮ್ ಮಾಡುತ್ತೇನೆ. ಅಂಗಡಿಗೆ ಕೊಡುವ ಮೊದಲು ಚರ್ಮದ ಪರೀಕ್ಷೆ ಮಾಡಿಸಬೇಕು ಅಂತ ಬೆಂಗಳೂರಿನ ಒಂದು ಖಾಸಗಿ ಲ್ಯಾಬಿಗೆ ಕೊಟ್ಟಿದ್ದೆ. ದುಡ್ಡು ಜಾಸ್ತಿಯೇ ಆಯಿತು. ಆದರೂ ನನ್ನ ಹಾಗೆ ಸಣ್ಣದಾಗಿ ಮಾಡುವವರಿಗೆ ಮಾಡಿಸಿ ಅಂತಲೇ ಹೇಳುತ್ತೇನೆ.

"ಗಿಡದ್ದು ತಾನೇ, ಏನೂ ಆಗಲ್ಲ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಗೇರುಬೀಜದ ಸಿಪ್ಪೆಯ ಸೊನೆ ತಾಗಿದರೆ ಕೈಯೆಲ್ಲ ಬೊಬ್ಬೆ ಏಳುತ್ತದೆ. ಅದೂ ಗಿಡದ್ದೇ ಅಲ್ವಾ?

ಮೊದಲು ವಿಚಾರಿಸಿದ ಇನ್ನೊಂದು ಕಡೆ ಏನೂ ಕೇಳದೆ ಸುಮ್ನೆ ರೇಟ್ ಕಳಿಸಿದ್ದರು. ಇಲ್ಲಿ ಫೋನ್ ಎತ್ತಿದ ಹುಡುಗಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಳು. "ಮೇಡಂ, ಅರಿಶಿನ ಎಣ್ಣೆಯಲ್ಲಿ ಕಾಯಿಸಿದ್ದಾ, ಆಲ್ಕೋಹಾಲಲ್ಲಿ ತೆಗೆದ ಸಾರಾನಾ? ನಿಂಬೆ ಎಣ್ಣೆ ಹಿಂಡಿ ತೆಗೆದದ್ದಾ, ಬಟ್ಟಿ ಇಳಿಸಿದ್ದಾ?" ಸಿಪ್ಪೆ ಹಿಂಡಿ ತೆಗೆದ ಎಣ್ಣೆಯಲ್ಲಿ ಬರ್ಗಾಪ್ಟೆನ್‌ನಂಥ ಪದಾರ್ಥ ಇರುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗಿ ಕಪ್ಪು ಕಲೆ ಉಳಿಯಬಹುದು. ಬಟ್ಟಿ ಇಳಿಸುವಾಗ ಅದು ಹಬೆಯ ಜೊತೆ ಮೇಲೆ ಬರುವುದಿಲ್ಲ. ಆ ಒಂದು ಫೋನಿನಿಂದಲೇ ನಾನು ಎಣ್ಣೆ ಬದಲಾಯಿಸಿದೆ.

ಪರೀಕ್ಷೆ ನಡೆದದ್ದು ಐಎಸ್ 4011 ಪ್ರಕಾರ, ಅಂದರೆ ಕಾಸ್ಮೆಟಿಕ್ ಸುರಕ್ಷಿತವಾ ಅಂತ ನೋಡುವ ವಿಧಾನಗಳ ಭಾರತೀಯ ಮಾನದಂಡ. ಪ್ರಾಣಿಗಳ ಮೇಲೆ ಕಾಸ್ಮೆಟಿಕ್ ಪರೀಕ್ಷೆ ನಮ್ಮಲ್ಲಿ 2014ರಿಂದಲೇ ನಿಷೇಧ. ಹಾಗಾಗಿ ಒಪ್ಪಿಗೆ ಬರೆದುಕೊಟ್ಟ 24 ಜನರ ಬೆನ್ನಿಗೆ ಪುಟ್ಟ ಬಿಲ್ಲೆಗಳಿರುವ ಟೇಪ್ (ಪಟ್ಟಿ) ಅಂಟಿಸುತ್ತಾರೆ. ಒಂದರಲ್ಲಿ ನಮ್ಮ ಕ್ರೀಮ್, ಹೋಲಿಸಿ ನೋಡಲು ಒಂದರಲ್ಲಿ ಬರೀ ಸಲೈನ್ (ಉಪ್ಪುನೀರು), ಇನ್ನೊಂದರಲ್ಲಿ ಬೇಕೆಂದೇ ಉರಿ ತರಿಸುವ ಸೋಡಿಯಂ ಲಾರಿಲ್ ಸಲ್ಫೇಟ್. 24 ಗಂಟೆ ಬಿಟ್ಟು ತೆಗೆಯುತ್ತಾರೆ. ಆಮೇಲೆ ಚರ್ಮದ ಡಾಕ್ಟರು ಕೆಂಪು, ಬಾವು ಎರಡಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕುತ್ತಾರೆ. ನನಗೆ ತುಂಬ ಹಿಡಿಸಿದ್ದು ರಿಪೋರ್ಟಿನಲ್ಲಿದ್ದ ಒಂದು ಸಾಲು. ಅರಿಶಿನದ ಹಳದಿ ಕಲೆ ಚರ್ಮದ ಮೇಲೆ ಉಳಿದದ್ದರಿಂದ ಕೆಂಪು ಸರಿಯಾಗಿ ಕಾಣಲಿಲ್ಲ, ಒರೆಸಿ ಮತ್ತೆ ನೋಡಿದೆವು ಅಂತ ಬರೆದಿದ್ದರು. ಮುಚ್ಚಿಡದೆ ಬರೆದರಲ್ಲ, ಅದರಿಂದ ನಂಬಿಕೆ ಬಂತು. ಫಲಿತಾಂಶ: ಉರಿ ತರಿಸುವಂಥದ್ದಲ್ಲ.

ಕೊರತೆಯೂ ಇದೆ. ರಿಪೋರ್ಟ್ ಹೇಳಿದ ದಿನಕ್ಕೆ ಬರಲಿಲ್ಲ, ಫೋನ್ ಮಾಡಿ ಮಾಡಿ ಸಾಕಾಯಿತು. ಬಿಲ್ಲಿನಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದಿರಲಿಲ್ಲ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಇದು ಅಲರ್ಜಿ ಪರೀಕ್ಷೆ ಅಲ್ಲ. ಅಲರ್ಜಿ ಮೊದಲ ಸಲಕ್ಕೇ ಕಾಣಿಸಿಕೊಳ್ಳಬೇಕೆಂದಿಲ್ಲ. ಅದನ್ನು ನೋಡಲು ಸುಮಾರು ಮೂರು ವಾರ ಮತ್ತೆ ಮತ್ತೆ ಪಟ್ಟಿ ಹಾಕಿ, ಕೆಲವು ವಾರ ಬಿಟ್ಟು, ಹೊಸ ಜಾಗದಲ್ಲಿ ಇನ್ನೊಮ್ಮೆ ಹಾಕುವ ಬೇರೆ ಪರೀಕ್ಷೆಯೇ ಇದೆ. ಅದಕ್ಕೆ ದರವೂ ಬೇರೆ. ಲ್ಯಾಬಿನವರು ಇದನ್ನು ಮೊದಲೇ ಬಿಡಿಸಿ ಹೇಳಿದ್ದರು. ಜೊತೆಗೆ, ರಿಪೋರ್ಟ್ ಆ ಬ್ಯಾಚಿನದ್ದು. ಅರಿಶಿನ ಕೊಡುವವರು ಬದಲಾದರೆ ಸಾರವೂ ಬದಲಾಗುತ್ತದೆ.

ಮುಂದೆ ಅಂಟವಾಳದ ಫೇಸ್‌ವಾಶ್ ಕೂಡ ಇವರಿಗೇ ಕೊಡುತ್ತೇನೆ. ತೊಳೆದುಬಿಡುವ ಪದಾರ್ಥವನ್ನು ನೀರಿನಲ್ಲಿ ತೆಳು ಮಾಡಿ ಪಟ್ಟಿ ಹಾಕಬೇಕಾಗುತ್ತದೆ. ಎಷ್ಟು ತೆಳು ಮಾಡುತ್ತಾರೆ ಅಂತ ರೇಟ್ ಕೇಳುವಾಗಲೇ ಕೇಳಿಕೊಳ್ಳಿ, ರಿಪೋರ್ಟಿನಲ್ಲೂ ಬರೆಸಿಕೊಳ್ಳಿ.